ಜ್ವರದ ಡಬ್ಬಿಗೆ ಸುತ್ತಿದ ಕಂಬಳಿ

ನನ್ನ ಗಂಡ ರೇವಪ್ಪ ಜಮಖಂಡಿ ಹತ್ತಿರದ ತುಬಚಿಯವನು. ಕುರಿ ಕಾಯುವವರ ಮನೆ. ನಾನು ಮದುವೆಯಾಗಿ ಬಂದಾಗ ಹಟ್ಟಿ ತುಂಬ ಕುರಿ ಇದ್ದವು. ಆಮೇಲೆ ಹೊಳೆಯ ನೀರು ಎತ್ತಿ ಹೊಲಕ್ಕೆ ತಂದರು. ಬಯಲೆಲ್ಲ ಕಬ್ಬಾಯಿತು, ಮೇಯಿಸಲು ಜಾಗ ಉಳಿಯಲಿಲ್ಲ. ಕುರಿ ಮಾರಿದೆವು. ಕಬ್ಬು ಕಡಿಯಲು ಅವನು ಹೋಗಲಿಲ್ಲ. "ಕುರಿ ಹಿಂದ ನಡದಾಂವ ನಾ. ಬಗ್ಗಿ ಕೆಲಸ ಮಾಡಾಕ ನಡಾ ಕೇಳೂದಿಲ್ಲ" ಅಂದ. ಜಮಖಂಡಿಯ ಒಂದು ಪ್ರಯೋಗಾಲಯದಲ್ಲಿ ಸಾಮಾನು ತಂದುಕೊಡುವ ಕೆಲಸಕ್ಕೆ ಸೇರಿದ.

ಬೆಂಗಳೂರಿನ ಬಸ್ಸಿಗೆ ಥರ್ಮಾಕೋಲಿನ ಡಬ್ಬಿ ಬರುತ್ತಿತ್ತು. ಒಳಗೆ ಹೊಗೆಯಾಡುವ ಐಸು, ಐಸಿನ ನಡುವೆ ಬೆರಳ ತುದಿಯಷ್ಟು ಶೀಶೆ. ಅದನ್ನು ಬಸ್ ಸ್ಟ್ಯಾಂಡಿನಲ್ಲಿ ಇಳಿಸಿಕೊಂಡು ಬೈಕಿಗೆ ಕಟ್ಟಿ ಪ್ರಯೋಗಾಲಯಕ್ಕೆ ಒಯ್ಯಬೇಕು. ಕೆಲವು ಸಲ ಅಲ್ಲಿಂದ ಮುಧೋಳಕ್ಕೂ. ಬಿಸಿಲಿಗೆ ಐಸು ಹೋದರೆ ಶೀಶೆಯಲ್ಲಿದ್ದದ್ದು ಕೆಡುತ್ತದೆ. ಅದಕ್ಕೆ ಅವನು ಡಬ್ಬಿಗೆ ಕಂಬಳಿ ಸುತ್ತುತ್ತಿದ್ದ. ಅತ್ತೆ ಹಣಮವ್ವ ನೂತ ನೂಲಿನ ಕರಿ ಕಂಬಳಿ, ನಮ್ಮ ಮದುವೆಯದು.

"ಕಂಬಳಿ ಹೊಚ್ಚಿದ್ರ ಐಸ್ ಕರಗೂದಿಲ್ಲೇನ?" ಅಂತ ಕೇಳಿದ್ದೆ.

"ಕಂಬಳಿ ತಾನ ಏನ ಬೆಚ್ಚಗ ಇರತೈತೇನಲೇ ಹುಚ್ಚಿ? ಒಳಗಿದ್ದದ್ದು ಹೊರಗ ಬಿಡೂದಿಲ್ಲ, ಹೊರಗಿದ್ದದ್ದು ಒಳಗ ಬಿಡೂದಿಲ್ಲ. ನಮ್ಮವ್ವನಂಗ."

ಶೀಶೆಯಲ್ಲಿ ಏನು ಅಂದರೆ ಫ್ಲೂ ಜ್ವರದ ವೈರಸ್ಸಿನ ಪ್ರೋಟೀನು ಅಂದ. ನಾನು ಎದ್ದು ದೂರ ನಿಂತೆ. ಅವನು ನಕ್ಕ. ಪ್ರಯೋಗಾಲಯದ ಮಾಯಾ ಮೇಡಂ ಅವನಿಗೆ ತಿಳಿಸಿ ಹೇಳಿದ್ದರಂತೆ. ವೈರಸ್ಸಿನ ಮೈಮೇಲೆ ಮುಳ್ಳಿನಂಥವು ಇರುತ್ತವೆ. ಅಂಥ ಒಂದು ಮುಳ್ಳನ್ನು ಮಾತ್ರ, ವೈರಸ್ಸೇ ಇಲ್ಲದೆ, ಬೇರೆ ಜೀವಕೋಶದಲ್ಲಿ ಬೆಳೆಸಿ ತೆಗೆಯುತ್ತಾರೆ. ರಕ್ತ ಆ ಮುಳ್ಳನ್ನು ಗುರುತು ಹಿಡಿಯುತ್ತದೋ ಇಲ್ಲವೋ ನೋಡಲು. ಪರೀಕ್ಷೆಗಷ್ಟೇ, ಔಷಧವಲ್ಲ.

"ಬರೇ ಕೋಡ ಬಂದೈತಿ, ಟಗರ ಬಂದಿಲ್ಲ" ಅಂದ. "ಕೋಡು ತಾನ ಎದ್ದು ಬಂದು ಗುದ್ದತೈತೇನ?"

ಈ ಮಳೆಗಾಲದಲ್ಲಿ ಊರಿಗೆ ಜ್ವರ ಬಂತು. ಮನೆಯಲ್ಲಿ ಮೊದಲು ಮಲಗಿದವನು ಮೈದುನ ದುರಗೇಶ. ರೇವಪ್ಪನೇ ಅವನನ್ನು ಬೈಕಿನಲ್ಲಿ ಕೂರಿಸಿಕೊಂಡು ದವಾಖಾನೆಗೆ ಒಯ್ದ. ದುರಗೇಶ ಎದ್ದ. ರೇವಪ್ಪ ಮಲಗಿದ. ಜ್ವರ ಎದೆಗಿಳಿಯಿತು. ಜಮಖಂಡಿಗೆ ಒಯ್ದೆವು. ಹೆಣ ತಂದೆವು.

ಮಣ್ಣು ಮಾಡಿ ಬರುವಷ್ಟರಲ್ಲಿ ಮಾತು ಹುಟ್ಟಿತ್ತು. ಜ್ವರದ ಡಬ್ಬಿ ಹೊರುತ್ತಿದ್ದ, ಡಬ್ಬಿಯಿಂದಲೇ ಬಂತು ಅಂತ. ನಲ್ಲಿಯ ಹತ್ತಿರ ಹೆಂಗಸರು ನನ್ನನ್ನು ಕಂಡು ತಮ್ಮ ಕೊಡ ಸರಿಸಿಕೊಂಡರು. ಶಾಲೆಯಲ್ಲಿ ಮಗಳು ಉಮಾಶ್ರೀಯ ಪಕ್ಕ ಯಾರೂ ಕೂರಲಿಲ್ಲ.

ನಮ್ಮವರಲ್ಲಿ ಒಂದು ರೀತಿ ಇದೆ. ಬೇನೆ ಬಿದ್ದು ಕುರಿ ಸತ್ತರೆ ಅದನ್ನು ಕಟ್ಟಿದ ಹಗ್ಗ, ಅದಕ್ಕೆ ಹೊದಿಸಿದ ಕಂಬಳಿ ಮನೆಗೆ ತರುವುದಿಲ್ಲ. ಊರ ಸೀಮೆ ದಾಟಿಸಿ ಬಿಸಾಡುತ್ತಾರೆ. ದುರಗೇಶ ಅದನ್ನೇ ಹಿಡಿದ. ಅಣ್ಣನ ಕಂಬಳಿ ಸೀಮೆ ದಾಟಿಸಬೇಕು ಅಂದ. ಬಿಸಾಡಿದರೆ, ರೇವಪ್ಪ ಊರಿಗೆ ಬೇನೆ ತಂದವನು ಅಂತ ನಾವೇ ಹೇಳಿದ ಹಾಗೆ. ಮಗಳು ಆ ಹೆಸರಿನಲ್ಲೇ ಬೆಳೆಯಬೇಕು. ನಾನು ಕೊಡಲಿಲ್ಲ.

ಮಾಯಾ ಮೇಡಂ ಬಂದು ಅಂಗಳದಲ್ಲಿ ನಿಂತು, ಆ ಶೀಶೆಯಿಂದ ಜ್ವರ ಬರುವುದೇ ಇಲ್ಲ ಅಂದರು. ಎಲ್ಲರೂ ಹೌದ್ರಿ ಹೌದ್ರಿ ಅಂದರು. ಅವರ ಗಾಡಿ ಹೋದ ಮೇಲೆ ದುರಗೇಶ, "ಆಕಿ ಹೊಟ್ಟಿ ಕೆಲಸ ಅದು, ಆಕಿ ಹಂಗ ಹೇಳಾಕಿನ" ಅಂದ.

ರೇವಪ್ಪನ ದಿವಸ ಮಾಡುವ ದಿನ, ತಿಥಿಯೂಟಕ್ಕೆ ಹಿರಿಯರು ಬಂದರು. ಅಂದು ಅಂಗಳದಲ್ಲಿ ಕಂಬಳಿ ಹಾಸಿ, ಬೀರೇಶ್ವರನ ಭಂಡಾರದ ಅರಿಶಿನ ಇಟ್ಟು, ಎಲ್ಲರೂ ಅದರ ಮೇಲೆ ಕೂತೆದ್ದ ಮೇಲೆಯೇ ಊಟ. ನಾನು ರೇವಪ್ಪನ ಕಂಬಳಿ ತಂದು ಹಾಸಿದೆ. ಯಾರೂ ಕೂರಲಿಲ್ಲ. ಹಿರಿಯ ಗಿರಿಮಲ್ಲಪ್ಪ ತಲೆಯ ಪಟಗ ಸರಿ ಮಾಡಿಕೊಳ್ಳುತ್ತ ನಿಂತೇ ಇದ್ದರು.

"ಬ್ಯಾರೆ ಕಂಬಳಿ ಇಲ್ಲೇನವ್ವಾ?"

"ಐತ್ರಿ. ಹಾಸೂದಿಲ್ರಿ."

"ಹಟಾ ಮಾಡಬ್ಯಾಡ ವೈನಿ" ಎಂದ ದುರಗೇಶ. "ಅದರಾಗ ಬ್ಯಾನಿ ಐತಿ."

"ಮನ್ಯಾಗ ಮೊದಲ ಕೆಮ್ಮಿದಾಂವ ಯಾರೋ?" ಅಂತ ಕೇಳಿದೆ.

ಅವನು ಟವೆಲ್ಲನ್ನು ಈ ಹೆಗಲಿಂದ ಆ ಹೆಗಲಿಗೆ ಹಾಕಿಕೊಂಡ.

"ನೀ ಆ ಡಬ್ಬಿ ಯಾವಾಗರೆ ಮುಟ್ಟಿದ್ದೇನ?"

ಗೋಡೆಗೆ ಒರಗಿದ್ದ ಹಣಮವ್ವ, "ಅಂವ ಹುಟ್ಟಿದಾಗಿಂದ ಕೆಲಸದ ಸಾಮಾನ ಯಾವುದು ಮುಟ್ಟ್ಯಾನ ಬಿಡ" ಅಂದಳು. ಒಬ್ಬಿಬ್ಬರು ನಕ್ಕರು.

ದುರಗೇಶ ನಗಲಿಲ್ಲ. ಅವನ ಮುಖ ನೋಡಿದೆ. ಆಗ ತಿಳಿಯಿತು. ಡಬ್ಬಿಯಿಂದ ಬಾರದಿದ್ದರೆ ಜ್ವರ ತನ್ನಿಂದ ಬಂತು ಅಂತ ಆಗುತ್ತದೆ. ಅಣ್ಣನ ಬೆನ್ನಿಗೆ ಒರಗಿ ಕೆಮ್ಮುತ್ತಲೇ ದವಾಖಾನೆಗೆ ಹೋಗಿದ್ದ. ಅದನ್ನು ಹೊತ್ತುಕೊಂಡು ತಿರುಗುತ್ತಿದ್ದ.

ನೀನೇ ತಂದಿ ಅಂತ ಅಂದುಬಿಡಬಹುದಿತ್ತು. ಬಾಯಿಗೆ ಬಂದಿತ್ತು. ಆದರೆ ನನಗೆ ಸಾಕಾಗಿತ್ತು. ಒಬ್ಬನ ಮೇಲಿಂದ ತೆಗೆದು ಇನ್ನೊಬ್ಬನ ಮೇಲೆ ಹಾಕಿದರೆ ಸತ್ತವನು ಬರುತ್ತಾನೆಯೇ.

"ಊರಿಗೆ ಊರ ಕೆಮ್ಮತಿತ್ತು" ಅಂದೆ. "ಡಬ್ಬಿನೂ ತಂದಿಲ್ಲ, ನೀನೂ ತಂದಿಲ್ಲ. ಕುಂಡರು."

ಅವನು ಚಪ್ಪಲಿ ಬಿಟ್ಟ. ಕಂಬಳಿಯ ಅಂಚಿನಲ್ಲಿ ಕೂತು ಟವೆಲ್ಲಿನಿಂದ ಮುಖ ಮುಚ್ಚಿಕೊಂಡ. ಗಿರಿಮಲ್ಲಪ್ಪನೂ ಚಪ್ಪಲಿ ಬಿಟ್ಟರು. "ಸರೀಲೇ, ನಮಗೂ ಜಾಗಾ ಬಿಡು" ಎಂದು ಪಕ್ಕದಲ್ಲಿ ಕೂತರು. ಆಮೇಲೆ ಉಳಿದವರು.

ಈಗ ಡಬ್ಬಿ ಒಯ್ಯುವವನು ಯುವರಾಜ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮನೆಗೆ ಬಂದಿದ್ದ. "ಐಸ್ ನಿಂದರವಲ್ದು ಅಕ್ಕಾ. ಆ ಕಂಬಳಿ ಕೊಡತೀಯೇನ?" ಅಂದ.

"ಒಯ್ಯಿ. ಸಂಜೀಕ ತಂದ ಕೊಡು" ಅಂದೆ.

ತಂದುಕೊಡುತ್ತಾನೆ. ಒಂದೊಂದು ದಿನ ಮರೆಯುತ್ತಾನೆ. ಅವತ್ತು ನನಗೆ ನಿದ್ದೆ ಬರುವುದಿಲ್ಲ.