ಬರೆದು ಕೊಡ್ರಿ, ಸಾಹೇಬ್ರ

ನಿನ್ನೆ ನಮ್ಮ ಓಣಿಯಲ್ಲಿ ಯಾರೋ ನೂಲಿಗೆ ನೀಲಿ ಹಾಕುವ ಬಾನಿಯ ಮುಚ್ಚಳ ತೆಗೆದರು. ಆ ವಾಸನೆ ನಿಮಗೆ ಗೊತ್ತಿರಲಿಕ್ಕಿಲ್ಲ. ಹುಳಿತ ಅಂಬಲಿಗೆ ಸುಣ್ಣ ಕಲಸಿದಂತೆ ಮೂಗಿಗೆ ಅಡರುತ್ತದೆ. ಸೊಸೆ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಮಾತ್ರ ಕಟ್ಟೆಯ ಮೇಲೆ ಕೂತು ಎದೆ ತುಂಬ ಎಳೆದುಕೊಂಡೆ. ಈ ವಾಸನೆಗಾಗಿ ಒಮ್ಮೆ ಇಳಕಲ್ಲಿನಿಂದ ಹುನಗುಂದಕ್ಕೆ ನಡೆದವರಲ್ಲಿ ನಾನೂ ಒಬ್ಬ.

ಆಗ ನಾನು ಸರಕಾರಿ ಕನ್ನಡ ಶಾಲೆಯ ಮಾಸ್ತರ. ರುಮಾಲು ದೊಡ್ಡದು, ಧೈರ್ಯ ಸಣ್ಣದು. ಪಕ್ಕದ ಮನೆಯ ಹುಸೇನಸಾಬರು ನೂಲಿಗೆ ನೀಲಿ ಹಾಕುವವರು. ಅವರ ಹೆಂಡತಿ ಅಮೀನಾಬಿ ಅದನ್ನು ಹಳ್ಳದಲ್ಲಿ ತೊಳೆಯುತ್ತಿದ್ದಳು. ವಾಸನೆ ತಡೆಯಲಾರೆವೆಂದು ಕೆಲವು ದೊಡ್ಡ ಮನೆಯವರು ದೂರು ಕೊಟ್ಟರು. ಹಳ್ಳದಲ್ಲಿ ನೂಲು ತೊಳೆಯಕೂಡದೆಂದು ಡಂಗುರವಾಯಿತು. ತೊಳೆಯದ ನೂಲು ಮಗ್ಗಕ್ಕೆ ಏರದು. ಹದಿನೈದು ದಿನಕ್ಕೆ ಓಣಿಯ ಮಗ್ಗಗಳೆಲ್ಲ ಸುಮ್ಮನಾದವು. ಮಗ್ಗದ ಸದ್ದಿಲ್ಲದ ಇಳಕಲ್ಲನ್ನು ನೀವು ಕೇಳಿಲ್ಲ, ಕೇಳಲೂಬಾರದು.

ಹುನಗುಂದದ ತಾಲೂಕು ಕಚೇರಿಯ ಮಾಮಲೇದಾರರಿಗೆ ಎಲ್ಲರೂ ನಡೆದೇ ಹೋಗಿ ಅರ್ಜಿ ಕೊಡೋಣವೆಂದು ಅಮೀನಾಬಿಯೇ ಹೇಳಿದಳು. ಅರ್ಜಿ ಬರೆದವನು ನಾನು. ಅದಕ್ಕೆಂದು ವಕೀಲರೊಬ್ಬರಿಂದ ಪೊಲೀಸರ ಕಾಯ್ದೆಯ ಪುಸ್ತಕ ತಂದು, ಓದಿ, ಅದರ ಸಾರವನ್ನು ಅವಳಿಗೂ ತಿಳಿಸಿದ್ದೆ. ಜಂಬಕ್ಕೆ ಹೇಳಿದ ಮಾತು. ಅವಳು ನೆನಪಿಟ್ಟುಕೊಳ್ಳುತ್ತಾಳೆಂದು ಯಾರಿಗೆ ಗೊತ್ತಿತ್ತು!

ಹೊರಟ ದಿನ ಬೆಳಕು ಹರಿಯುವ ಹೊತ್ತಿಗೆ, ಊರು ದಾಟುವಲ್ಲಿ ಫೌಜದಾರರು ಕುದುರೆಯನ್ನು ದಾರಿಗೆ ಅಡ್ಡ ನಿಲ್ಲಿಸಿದರು. ಹಿಂದೆ ಲಾಠಿ ಹಿಡಿದ ಪೊಲೀಸರು.

"ಗುಂಪು ಕಟ್ಟಿ ಹೋಗೂಹಂಗಿಲ್ಲ. ಹೊಳ್ಳಿ ಹೋಗ್ರಿ, ಇಲ್ಲಾಂದ್ರ ಎಲ್ಲಾರ್ನೂ ಒಳಗ ಹಾಕ್ತೇನಿ."

ನಾನು ಚಪ್ಪಲಿ ಸರಿಮಾಡಿಕೊಳ್ಳುವ ನೆಪದಲ್ಲಿ ಬಗ್ಗಿದೆ. ಚಪ್ಪಲಿ ಸರಿಯಾಗಿಯೇ ಇತ್ತು. ಅಮೀನಾಬಿ ಮುಂದೆ ಹೋದಳು.

"ಯಾವ ದಾರಿ ಹಿಡೀಬೇಕು, ಎಷ್ಟೊತ್ತಿಗೆ ಹೋಗಬೇಕು, ಅದನ್ನ ನೀವು ಹೇಳ್ರಿ ಸಾಹೇಬ್ರ, ಕೇಳ್ತೇವಿ. ಹೋಗಽ ಬ್ಯಾಡ ಅನ್ನಾಕ ಮ್ಯಾಲಿನವರ ಹುಕುಂ ಬೇಕಂತ. ಇದ್ರ ತೋರಸ್ರಿ. ಇಲ್ಲಾಂದ್ರ, ನಾನಽ ತಡದೇನಿ ಅಂತ ಬರದು ಕೊಡ್ರಿ."

"ಯಾರು ಹೇಳಿದ್ರು ನಿನಗ ಇದನ್ನ?"

"ನಮ್ಮ ಮಾಸ್ತರು. ಅಲ್ಲಿ ಬಗ್ಗಿ ನಿಂತಾರ ನೋಡ್ರಿ."

ನೌಕರಿ ಹೋಯಿತೆಂದುಕೊಂಡೇ ನೆಟ್ಟಗಾದೆ. ಪುಸ್ತಕ ತೆಗೆದು, ಶಾಲೆಯಲ್ಲಿ ಓದಿಸುವಂತೆ ಗಟ್ಟಿಯಾಗಿ ಓದಿದೆ. ಫೌಜದಾರರು ಅದನ್ನು ಇಸಿದುಕೊಂಡು ತಾವೇ ಎರಡು ಸಲ ಓದಿದರು. ಕೆಟ್ಟ ಮನುಷ್ಯರಲ್ಲ ಅವರು.

"ಇವತ್ತಿನ ಹುನಗುಂದದ ಸಂತಿಯೊಳಗ ಒಂದು ಕಲ್ಲು ಬಿದ್ರ ಜವಾಬ ಕೊಡಾಂವ ನಾನು, ಗೊತ್ತದೇನು?" ಎಂದರು.

"ಬಿದ್ರ ಮೊದಲ ನನ್ನ ಕಟ್ಟಿ ಒಯ್ರಿ," ಎಂದರು ಹುಸೇನಸಾಬರು.

ಫೌಜದಾರರು ಕಾಗದ ತರಿಸಿ ಬರೆದರು: ದಾರಿಯ ಎಡಕ್ಕೆ ನಡೆಯಬೇಕು, ಸಂತೆಯಲ್ಲಿ ನಿಲ್ಲಬಾರದು, ಬಿಸಿಲೇರುವ ಮೊದಲೇ ಕಚೇರಿ ಮುಟ್ಟಬೇಕು. ಸಹಿ ಮಾಡಿದರು. ಕುದುರೆ ಪಕ್ಕಕ್ಕೆ ಸರಿಯಿತು. ಹುನಗುಂದದ ತನಕ ಒಂದು ಕಲ್ಲೂ ಕದಲಲಿಲ್ಲ.

ಅರ್ಜಿ ಕೊಟ್ಟ ಎಂಟು ದಿನಕ್ಕೆ, ಹಳ್ಳದ ಕೆಳಮಗ್ಗುಲಲ್ಲಿ ನೂಲು ತೊಳೆಯಬಹುದೆಂದು ಹುಕುಂ ಬಂತು. ಅದಾದ ಮೇಲೆ ಒಂದು ಬೆಳಿಗ್ಗೆ ಮೊದಲು ಒಂದು ಮಗ್ಗ ಮಾತಾಡಿತು, ಆಮೇಲೆ ನಾಲ್ಕು, ಆಮೇಲೆ ಓಣಿಗೆ ಓಣಿಯೇ. ತರಗತಿಯಲ್ಲಿ ನನ್ನ ದನಿ ನನಗೇ ಕೇಳಿಸಲಿಲ್ಲ. ಪಾಠ ನಿಲ್ಲಿಸಿ, ಮಕ್ಕಳ ಜೊತೆ ನಾನೂ ಕುಣಿದೆ.

ಇಷ್ಟು ವರ್ಷ ಈ ಕಥೆ ಹೇಳುವಾಗಲೆಲ್ಲ ಫೌಜದಾರರ ಎದುರು ಮೊದಲು ಹೋಗಿ ನಿಂತವನು ನಾನೇ ಎನ್ನುತ್ತಿದ್ದೆ. ಕೇಳಿದವರು ನಂಬಿದರು, ಕೊನೆಕೊನೆಗೆ ನಾನೂ ನಂಬಿದೆ. ಇವತ್ತು ನಿಮ್ಮ ಮುಂದೆ ನಿಜ ಹೇಳಿದ್ದೇನೆ: ಮೊದಲು ನಿಂತವಳು ಅಮೀನಾಬಿ, ಓದಲು ಬಾರದವಳು. ನಾನು ಎರಡನೆಯವ. ಎರಡನೆಯವನಾಗಿದ್ದಕ್ಕೂ ಇಷ್ಟೊಂದು ಹೆಮ್ಮೆಪಡಬಹುದೆಂದು ಈ ವಯಸ್ಸಿನಲ್ಲಿ ತಿಳಿಯಿತು.