ಟೇಪ್ ಮೇಜಿನ ಅಕ್ಕ ಓದಿದ ಕಾದಂಬರಿಗಳು

ಅವರ ಬಲಗೈಯ ತೋರುಬೆರಳಿನ ಮೇಲೆ ಅಡ್ಡಲಾಗಿ ಒಂದು ಗೆರೆಯಿತ್ತು. ಹುಟ್ಟಿನಿಂದ ಬಂದದ್ದಲ್ಲ, ವರ್ಷಗಟ್ಟಲೆ ತಾಮ್ರದ ತಂತಿ ಜಾರಿ ಜಾರಿ ಕೊರೆದದ್ದು. ಆ ಬೆರಳು ಎಷ್ಟು ಜಡ್ಡುಗಟ್ಟಿತ್ತೆಂದರೆ ಅದಕ್ಕೆ ಕಾಗದ ಸಿಗುತ್ತಿರಲಿಲ್ಲ. ಹಾಗಾಗಿ ಪುಟ ತಿರುವಬೇಕಾದಾಗ ಕಿರುಬೆರಳನ್ನು ನಾಲಿಗೆಗೆ ತಾಗಿಸಿಕೊಳ್ಳುತ್ತಿದ್ದರು. ಬಾಡಿಗೆ ಪುಸ್ತಕಕ್ಕೆ ಎಂಜಲು ಹಚ್ಚುತ್ತೀರಲ್ಲ ಅಕ್ಕ ಎಂದರೆ, "ನಂಗಿಂತ ಮುಂಚೆ ಓದಿದೋರು ಸಾರೇ ಹಚ್ಚವ್ರೆ, ನೋಡಿಲ್ಲಿ" ಎಂದು ಅರಿಸಿನ ಬಣ್ಣದ ಕಲೆಯೊಂದನ್ನು ತೋರಿಸುತ್ತಿದ್ದರು.

ನಾನು ಪಿಯುಸಿ ಮುಗಿಸಿ ಪೀಣ್ಯದ ಆ ಕಾರ್ಖಾನೆಗೆ ಸೇರಿದ್ದು ತೊಂಬತ್ತರ ದಶಕದ ಆರಂಭದಲ್ಲಿ. ಸಣ್ಣ ಟ್ರಾನ್ಸ್‌ಫಾರ್ಮರ್‌ಗಳನ್ನು ಮಾಡುವ ಜಾಗ. ಒಳಗಿನ ತಂತಿಯ ಸುರುಳಿಗಳನ್ನು ಸುತ್ತುವ ವೈಂಡಿಂಗ್ ವಿಭಾಗದಲ್ಲಿ ಇದ್ದವರೆಲ್ಲ ಹೆಂಗಸರು. ಬೆಳಿಗ್ಗೆಯೆಲ್ಲ ಸುತ್ತುವ ಕೆಲಸ. ಗಮನ ಅತ್ತಿತ್ತ ಹೋದರೆ ಇಡೀ ಸುರುಳಿ ಬಿಚ್ಚಬೇಕಾದ್ದರಿಂದ ಯಾರೂ ತುಟಿ ಬಿಚ್ಚುತ್ತಿರಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಸುರುಳಿಗಳಿಗೆ ಟೇಪ್ ಹಚ್ಚಲು ಒಂದು ಉದ್ದ ಮೇಜಿನ ಸುತ್ತ ಎಲ್ಲರೂ ಕೂರುತ್ತಿದ್ದೆವು. ಆಗ ಕೈಗೆ ಕೆಲಸ, ಬಾಯಿಗೆ ಬಿಡುವು. ಆ ಹೊತ್ತು ಪೂರ್ತಿ ಅಕ್ಕನದು.

ಅಕ್ಕ ಪೀಣ್ಯದ ಪಕ್ಕದ ಹಳ್ಳಿಯವರೇ. ಕಾರ್ಖಾನೆಗಳು ಬರುವ ಮೊದಲು ಅವರ ಮನೆಯವರು ಅಲ್ಲಿಯೇ ರಾಗಿ ಬೆಳೆಯುತ್ತಿದ್ದರಂತೆ. "ನಮ್ಮಪ್ಪನ ಹೊಲದಾಗೆ ಕೂತು ತಂತಿ ಸುತ್ತುತಾ ಇವ್ನಿ, ನೋಡು ನನ್ನ ದೌಲತ್ತು" ಎಂದು ನಗುತ್ತಿದ್ದರು. ದಾಸರಹಳ್ಳಿ ಬಸ್ ಸ್ಟಾಪಿನ ಹತ್ತಿರದ ಲೈಬ್ರರಿಯಿಂದ ಬಾಡಿಗೆಗೆ ಕಾದಂಬರಿ ತರುವುದು, ರಾತ್ರಿ ಅಡುಗೆಮನೆ ತೊಳೆದ ಮೇಲೆ ಓದುವುದು, ಮರುದಿನ ಟೇಪ್ ಮೇಜಿನಲ್ಲಿ ಅದರ ಕತೆ ಹೇಳಿ ತೀರ್ಪು ಕೊಡುವುದು. ಸಾಹಿತ್ಯ ಗೀಹಿತ್ಯ ಎಂದರೆ ಅವರಿಗೆ ಸಿಟ್ಟು. "ಹೊತ್ತು ಹೋಗ್ಲಿ ಅಂತ ಓದ್ತೀನಿ ಕಣ್ರೇ" ಎನ್ನುವರು. ಆದರೆ ಹೊತ್ತು ಕಳೆಯಲು ಓದುವವರಿಗೆ ಅಷ್ಟೊಂದು ಕೋಪ ಬರುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅವರು ಮೊದಲು ಓದುತ್ತಿದ್ದದ್ದು ಕೊನೆಯ ಪುಟ. ನಮಗೂ ಕೊನೆಯನ್ನೇ ಮೊದಲು ಹೇಳಿಬಿಡುತ್ತಿದ್ದರು. ಅಯ್ಯೋ ಅಕ್ಕ, ಮಜಾ ಹಾಳಾಯ್ತು ಎಂದರೆ, "ಊರು ಯಾವ್ದು ಅಂತ ಗೊತ್ತಿದ್ರೆ ತಾನೆ ಬಸ್ಸಲ್ಲಿ ಆರಾಮಾಗಿ ಕಿಟಕಿ ಆಚೆ ನೋಡ್ಬೋದು?" ಎಂದು ಬಾಯಿ ಮುಚ್ಚಿಸುವರು.

ಅವರ ಅಭಿಪ್ರಾಯಗಳು ಒಂದಕ್ಕಿಂತ ಒಂದು ಖಾರ. ಕಣ್ಣೀರಿನ ಕಾದಂಬರಿಯೊಂದನ್ನು ಎಲ್ಲರೂ ಹೊಗಳುತ್ತಿದ್ದಾಗ, "ಅಳ್ಸೋದೇನು ದೊಡ್ಡ ವಿದ್ಯೆಯಾ? ಈರುಳ್ಳೀನೂ ಅಳ್ಸುತ್ತೆ" ಎಂದರು. ಶ್ರೀಮಂತರ ಬಂಗಲೆಯ ಕತೆಯೊಂದನ್ನು ಓದಿ, "ಪುಸ್ತಕ ಪೂರ್ತಿ ಕಾಫಿ ಕುಡೀತಾರೆ. ಒಬ್ರಾದ್ರೂ ಲೋಟ ತೊಳೀಲಿಲ್ಲ" ಎಂದರು. ನಾಯಕ ಡಾಕ್ಟರ್ ಆಗಿದ್ದರೆ ಅವರಿಗೆ ಮೊದಲಿನಿಂದಲೂ ಗುಮಾನಿ. "ಈವಯ್ಯ ತೋಟದಾಗೆ ಪ್ರೀತಿ ಮಾಡ್ತಾ ಕೂತವ್ನೆ, ಅಲ್ಲಿ ರೋಗಿಗಳ ಕತೆ ಏನು?" ಭಯಾನಕ ಎಂದು ಹೆಸರಾದ ದೆವ್ವದ ಕಾದಂಬರಿಗೆ ಅವರು ಕೊಟ್ಟ ತೀರ್ಪು ಕಾರ್ಖಾನೆಯ ಗೇಟಿನವರೆಗೂ ಹರಡಿತು. "ದೆವ್ವ ಒಳ್ಳೇದು, ಗಂಡ ಸರಿಯಿಲ್ಲ." ಮಾತು ನಿಲ್ಲಿಸಿ ಕೆಲಸ ನೋಡಿ ಎಂದು ಗದರಲು ಬಂದ ಸೂಪರ್‌ವೈಸರ್ ಕೂಡ ಅವತ್ತು ಮೇಜಿನ ತುದಿಯಲ್ಲಿ ಒಂದು ಸುರುಳಿ ಹಿಡಿದುಕೊಂಡು ಸುಮ್ಮನೆ ತಿರುಗಿಸುತ್ತಾ ನಿಂತಿದ್ದರು. "ಆ ಹುಡುಗಿಗೆ ಕೊನೇಗೆ ಏನೂ ಆಗ್ಲಿಲ್ಲ ತಾನೇಮ್ಮಾ?" ಎಂದು ಕೇಳಿಯೇ ಹೋದರು.

ಅಕ್ಕನಿಗೆ ಆಗದಿದ್ದದ್ದು ಒಂದೇ, ವಾರಪತ್ರಿಕೆಯ ಧಾರಾವಾಹಿ. ಕೊನೆಯ ಪುಟ ಸಿಗುವುದಿಲ್ಲವಲ್ಲ! ಆದರೂ ಬಿಡದೆ ಓದುವರು, ಬೈದುಕೊಂಡೇ ಓದುವರು. ನಾನು ಕೆಲಸದಲ್ಲಿ ಪರ್ಮನೆಂಟ್ ಆದ ವರ್ಷ ಒಂದು ಧಾರಾವಾಹಿ ಬರುತ್ತಿತ್ತು. ನಾಯಕಿ ಬ್ಯಾಂಕಿನಲ್ಲಿ ಗುಮಾಸ್ತೆ. ಮದುವೆ ಗೊತ್ತಾಗಿದೆ. ಕೆಲಸ ಬಿಟ್ಟು ಬಾ ಎಂದು ಹುಡುಗನ ತಾಯಿ ಹಟ ಹಿಡಿದಿದ್ದಾಳೆ. ಹುಡುಗಿ ರಾಜೀನಾಮೆ ಬರೆದು ಕೈಚೀಲದಲ್ಲಿಟ್ಟುಕೊಂಡು ಕೊಡಲೋ ಬೇಡವೋ ಎಂದು ವಾರಗಟ್ಟಲೆ ಓಡಾಡುತ್ತಿದ್ದಾಳೆ. "ಆ ಅತ್ತೆಗೆ ಸಗಣಿ ನೀರು ಎರಚಬೇಕು" ಎಂದು ಅಕ್ಕ ಪ್ರತಿ ವಾರ ಶಾಪ ಹಾಕುತ್ತಿದ್ದರು.

ಅದೇ ಹೊತ್ತಿಗೆ ನನಗೂ ಒಂದು ಸಂಬಂಧ ಬಂತು. ಹುಡುಗ ಪೀಣ್ಯದಲ್ಲೇ ಯಂತ್ರಗಳಿಗೆ ಅಚ್ಚು ಮಾಡುವ ಒಂದು ಟೂಲ್ ರೂಮಿನಲ್ಲಿ ಕೆಲಸಕ್ಕಿದ್ದ. ನಮ್ಮವರೇ, ದಾವಣಗೆರೆ ಕಡೆಯವರು, ತಂದೆಯಿಲ್ಲ, ತಾಯಿ ಮಗ ಇಬ್ಬರೇ. ಫೋಟೋ ನೋಡಿ ನನಗೆ ಹಿಡಿಸಿತ್ತು. ಆದರೆ ಸಂಬಂಧ ತಂದ ದೂರದ ಮಾವ ಜೊತೆಗೊಂದು ಷರತ್ತನ್ನೂ ತಂದಿದ್ದರು. ಮದುವೆಯಾದ ಮೇಲೆ ಹುಡುಗಿ ಕೆಲಸಕ್ಕೆ ಹೋಗುವುದು ಹುಡುಗನ ತಾಯಿಗೆ ಇಷ್ಟವಿಲ್ಲ. ಧಾರಾವಾಹಿ ಬರೆದವರು ನಮ್ಮ ವಠಾರದ ಕಿಟಕಿಯಲ್ಲಿ ಇಣುಕಿದ್ದರು ಎಂದಲ್ಲ, ಆ ಕಾಲದಲ್ಲಿ ಮನೆಮನೆಯ ಮಾತೂ ಅದೇ ಆಗಿತ್ತು. ಅಪ್ಪ ಯಾರಿಗೂ ಎದುರಾಡುವವರಲ್ಲ. ಅಮ್ಮ, "ಇಂಥ ಹುಡುಗ ಮತ್ತೆ ಸಿಗಲ್ಲ, ತಂತಿ ಸುತ್ತೋ ಕೆಲಸ ಎಲ್ಲಾದ್ರೂ ಸಿಗುತ್ತೆ" ಎಂದಳು. ಎಲ್ಲೂ ಸಿಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಆ ಮೇಜಂತೂ ಇನ್ನೆಲ್ಲೂ ಇರಲಿಲ್ಲ.

ಅಕ್ಕನ ಹತ್ತಿರ ಹೇಳಿಕೊಂಡೆ.

"ಹುಡುಗ ಬೇಕಾ, ಕೆಲಸ ಬೇಕಾ?" ಎಂದು ಕೇಳಿದರು.

"ಎರಡೂ ಬೇಕು ಅಕ್ಕ."

"ಅಂಗಾದ್ರೆ ಎರಡೂ ಬೇಕು ಅನ್ನು. ಎರಡ್ರಾಗೆ ಒಂದು ಆರಿಸ್ಕೋ ಅನ್ನೋದು ಕಾದಂಬರಿ ಬರೆಯೋರ ಚಟ."

ಅನ್ನುವ ಧೈರ್ಯ ನನಗೆಲ್ಲಿತ್ತು? ಹುಡುಗಿ ನೋಡಲು ಬರುವ ಭಾನುವಾರ ನೀವೂ ಬನ್ನಿ ಎಂದು ಕೈಹಿಡಿದು ಬೇಡಿಕೊಂಡೆ.

ಅಕ್ಕ ಹಸಿರು ಸೀರೆ ಉಟ್ಟು ಬೇಗನೇ ಬಂದರು. ಕೇಸರಿಭಾತಿಗೆ ತುಪ್ಪ ಸಾಲದು ಎಂದು ಅಮ್ಮನಿಗೆ ಹೇಳಿ, ಗೋಡೆಗೆ ಒರಗಿ ಕೂತರು. ಹುಡುಗ, ಅವನ ತಾಯಿ, ಮಾವ ಬಂದರು. ಆ ತಾಯಿ ಎತ್ತರದ ಹೆಂಗಸು. ಹಣೆಯ ತುಂಬ ವಿಭೂತಿ, ಗಟ್ಟಿ ದನಿ. ನಾನು ತಟ್ಟೆ ಹಿಡಿದು ಬಂದಾಗ ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಅವರ ಕಣ್ಣು ಕಿಟಕಿಯ ಮೇಲಿದ್ದ ವಾರಪತ್ರಿಕೆಯ ಮೇಲೆ ಬಿತ್ತು. ನನ್ನನ್ನು ನೋಡಿದ್ದಕ್ಕಿಂತ ಹೆಚ್ಚು ಆಸೆಯಿಂದ ಅದನ್ನು ನೋಡಿದರು.

"ಇದು ಈ ವಾರದ್ದೇನ್ರೀ? ನಮ್ಮನಿಗೆ ಇನ್ನೂ ಬಂದಿಲ್ಲ. ಆ ಬ್ಯಾಂಕಿನ ಹುಡುಗಿ ಏನು ಮಾಡಿದ್ಳು? ಕೊಟ್ಳೇನು ರಾಜೀನಾಮೆ?"

ಅಕ್ಕ ಆ ಕಂತನ್ನು ಆಗಲೇ ಓದಿದ್ದರು. ಪ್ರಪಂಚಕ್ಕೆಲ್ಲ ಕೊನೆಯನ್ನು ಮೊದಲು ಹೇಳುವ ಹೆಂಗಸು ಅವತ್ತು ಅದನ್ನು ಬಿಟ್ಟುಕೊಡಲಿಲ್ಲ. ನಿಧಾನವಾಗಿ, "ನಂಗೇನೋ ಆ ಅತ್ತೆ ಹೇಳೋದೇ ಸರಿ ಅನ್ಸುತ್ತೆ ಕಣಮ್ಮ" ಎಂದರು.

ಸಗಣಿ ನೀರು ಎರಚಬೇಕು ಎಂದವರು ಇವರೇನಾ? ನನ್ನ ಕಡೆ ಒಂದು ಮಾತಾಡಲಿ ಎಂದು ಕರೆದರೆ ಇವರು ಅವರ ಕಡೆಗೆ ಸೇರಿಕೊಂಡರಲ್ಲ ಎಂದು ಮೈಯೆಲ್ಲ ಉರಿಯಿತು.

"ಏನ್ರೀ ಸರಿ?" ಹುಡುಗನ ತಾಯಿ ಚಮಚ ಕೆಳಗಿಟ್ಟರು.

"ಸೊಸೆ ಬೆಳಿಗ್ಗೆ ಎದ್ದು ಬಸ್ ಹತ್ತಿಬಿಟ್ರೆ ಮನೆ ಗತಿ ಏನು?"

"ಮನಿ ಎಲ್ಲಿಗೆ ಹೋಗ್ತತ್ರೀ? ನಿಂತಲ್ಲೇ ನಿಂತಿರ್ತತಿ. ಆ ಅತ್ತಿ ಹೋದ ತಿಂಗಳು ಯಾತ್ರಿ ಮಾಡಿ ಬಂದಾಳ. ಬೆಟ್ಟ ಹತ್ತಾಕ ಬರ್ತತಿ, ಅನ್ನ ಬಸಿಯಾಕ ಬರಂಗಿಲ್ಲೇನು?"

"ಆದ್ರೂ ಜನ ಆಡ್ಕೊಳ್ತಾರೆ. ಸೊಸೆ ದುಡಿಮೆ ತಿಂತಾರೆ ಅಂತ."

"ಆಡ್ಕೊಳ್ಳೋರು ಬಂದು ತಾಟಿಗೆ ಬಡಿಸ್ತಾರೇನ್ರೀ?"

"ನಾಳೆ ಒಂದು ಕೂಸು ಅಂತ ಆದ್ರೆ?"

"ಅತ್ತಿ ಮತ್ಯಾಕಿರೋದು? ಆಕಿ ಎತ್ಕೊಂಡ್ರ ಕೂಸೇನು ಕಚ್ಚತತಾ? ನೀವು ಏನ್ರೀ, ಓದಿದೋರು ಹಿಂಗ ಮಾತಾಡ್ತೀರಿ! ಕಷ್ಟಪಟ್ಟು ಹಿಡಿದ ಕೆಲಸ ಬಿಟ್ಟಳಂದ್ರ ಆಕಿಯಂಥ ಹುಚ್ಚಿ ಇನ್ನೊಬ್ಬಾಕಿಲ್ಲ. ಬಿಡಿಸಿದಾಕಿಗೆ ಬುದ್ಧಿಯಿಲ್ಲ."

ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಕಲ್ಲಾಗಿ ನಿಂತಿದ್ದಳು. ಮಾವ ಒಮ್ಮೆ ಕೆಮ್ಮಿದರು. ಅಲ್ಲಿಯವರೆಗೆ ತಲೆತಗ್ಗಿಸಿ ಉಪ್ಪಿಟ್ಟು ತಿನ್ನುತ್ತಿದ್ದ ಹುಡುಗನಿಗೆ ನಗು ತಡೆಯಲಾಗಲಿಲ್ಲ.

"ಅವ್ವಾ, ನೀ ಹೇಳ್ತಿರೋದು ಧಾರಾವಾಹೀದೋ, ನಮ್ಮನೀದೋ?"

ಆ ತಾಯಿಯ ಮುಖ ಕೆಂಪಾಯಿತು. ಮಗನನ್ನು ನೋಡಿದರು, ಅಕ್ಕನನ್ನು ನೋಡಿದರು. ಎದ್ದು ಹೋಗಿಬಿಡುತ್ತಾರೆ ಎಂದೇ ನಾನು ಅಂದುಕೊಂಡೆ. ಅವರು ಎದ್ದರು ನಿಜ, ಆದರೆ ಹೋದದ್ದು ಕಿಟಕಿಯ ಹತ್ತಿರಕ್ಕೆ. ಪತ್ರಿಕೆ ತೆಗೆದುಕೊಂಡು, ಕನ್ನಡಕ ಹಾಕಿಕೊಂಡು, ನಮ್ಮೆಲ್ಲರ ಎದುರಿಗೆ ಚಾಪೆಯ ಮೇಲೆ ಕೂತು ಓದತೊಡಗಿದರು. ಇಡೀ ಮನೆ ಕಾದು ಕೂತಿತು. ಹುಡುಗಿ ನೋಡುವ ಶಾಸ್ತ್ರದಲ್ಲಿ ಧಾರಾವಾಹಿಯ ಕಂತು ಮುಗಿಯಲಿ ಎಂದು ಎರಡು ಕಡೆಯವರೂ ಉಸಿರು ಬಿಗಿಹಿಡಿದದ್ದು ಬಹುಶಃ ನಮ್ಮ ಮನೆಯಲ್ಲಿ ಮಾತ್ರ. ಅಕ್ಕ ಆರಾಮಾಗಿ ಕೇಸರಿಭಾತು ತಿನ್ನುತ್ತಿದ್ದರು.

ಕೊನೆಗೆ ಆ ತಾಯಿ ಪತ್ರಿಕೆಯನ್ನು ಪಟ್ಟೆಂದು ಮುಚ್ಚಿದರು. "ಕೊಟ್ಟುಬಿಟ್ಟಾಳ್ರೀ! ಥೂ, ಅಂಜುಬುರಕಿ ಹುಡುಗಿ!"

ಆಮೇಲೆ ನನ್ನ ಕಡೆ ತಿರುಗಿ, ನನ್ನ ಜನ್ಮದಲ್ಲಿ ಮರೆಯದ ಎರಡು ಪದ ಹೇಳಿದರು.

"ನೀ ಕೊಡಬ್ಯಾಡ."

ಸೋಮವಾರ ಟೇಪ್ ಮೇಜಿನಲ್ಲಿ ಬೇರೆ ಕಾದಂಬರಿಯೇ ಬೇಕಾಗಲಿಲ್ಲ. ಅಕ್ಕ ಮೊದಲು ಕೊನೆ ಹೇಳಿದರು, "ಇವಳು ಎಲ್ಲಿಗೂ ಹೋಗಲ್ಲ ಕಣ್ರೇ, ಇಲ್ಲೇ ಇರ್ತಾಳೆ." ಹೆಂಗಸರೆಲ್ಲ ಟೇಪಿನ ಉರುಳೆಗಳಿಂದ ಮೇಜು ಕುಟ್ಟಿದ ಸದ್ದಿಗೆ ಪಕ್ಕದ ಶೆಡ್ಡಿನವರು ಏನಾಯಿತೆಂದು ಓಡಿ ಬಂದರು. ಗದ್ದಲ ತಗ್ಗಿದ ಮೇಲೆ, ಇದನ್ನೆಲ್ಲ ಮೊದಲೇ ಯೋಚನೆ ಮಾಡಿದ್ದಿರಾ ಎಂದು ಕೇಳಿದೆ.

"ಇಲ್ಲ ಕಣೆ. ಆಯಮ್ಮ ಆ ಪುಸ್ತಕ ನೋಡಿದ್ ನೋಟದಾಗೆ ಹೊಳೀತು. ನಾನು ನ್ಯಾಯ ಹೇಳಿದ್ರೆ ಜಗಳ ಆಗ್ತಿತ್ತು. ಆಯಮ್ಮನ ನ್ಯಾಯ ಆಯಮ್ಮನ ತಾವೇ ಇತ್ತು. ಸ್ವಲ್ಪ ಕೆಣಕಬೇಕಿತ್ತು, ಅಷ್ಟೆ."

ಮದುವೆಯಾಯಿತು. ಮದುವೆಯಾದ ಹದಿನಾರನೇ ದಿನವೋ ಹದಿನೇಳನೇ ದಿನವೋ ಮತ್ತೆ ಅದೇ ಮೇಜಿಗೆ ಬಂದು ಕೂತೆ. ಆಮೇಲಿನ ವರ್ಷಗಳಲ್ಲಿ ನಾನು ಸುರುಳಿ ಸುತ್ತಿದ್ದಕ್ಕಿಂತ ಹೆಚ್ಚಾಗಿ ಅಕ್ಕನಿಗೂ ನಮ್ಮತ್ತೆಗೂ ನಡುವೆ ಅಂಚೆಯ ಕೆಲಸ ಮಾಡಿದೆ. ಊಟದ ಡಬ್ಬಿಯ ಚೀಲದಲ್ಲಿ ಅತ್ತಿಂದ ಒಂದು ಕಾದಂಬರಿ, ಇತ್ತಿಂದ ಒಂದು ಕಾದಂಬರಿ. ಜೊತೆಗೆ ಬಾಯಿಮಾತಿನ ವಿಮರ್ಶೆ. "ಆಕಿಗೆ ಹೇಳು, ಆ ನಾಯಕಗ ನಾಕು ಬಿಗಿಯಬೇಕಿತ್ತು ಅಂತ" ಎಂದು ಅತ್ತೆ. "ನಿಮ್ಮತ್ತೆಗೆ ಹೇಳು, ಅವನಿಗಿಂತ ಮೊದಲು ಅವನ್ನ ಸಾಕಿದ ಚಿಕ್ಕಮ್ಮಂಗೆ ಬಿಗೀಬೇಕು ಅಂತ" ಎಂದು ಅಕ್ಕ. ಒಂದು ಪತ್ತೇದಾರಿ ಕಾದಂಬರಿಯ ವಿಷಯಕ್ಕೆ ಇಬ್ಬರೂ ಮಾತು ಬಿಟ್ಟು, ಯುಗಾದಿಯ ಹೋಳಿಗೆ ಹೋಗಿ ಬಂದ ಮೇಲೆ ರಾಜಿಯಾದರು.

ಮಗಳು ಹುಟ್ಟಿದಾಗ ನಾನೇ ಅಳುಕಿದೆ. ಕೆಲಸ ಬಿಟ್ಟುಬಿಡಲೇ ಎಂದು ಅತ್ತೆಯನ್ನು ಕೇಳಿದೆ. ಅವರು ಮಗುವನ್ನು ನನ್ನ ಮಡಿಲಿನಿಂದ ಎತ್ತಿಕೊಂಡು, "ಕಚ್ಚಾಕತ್ತಿಲ್ಲ ನೋಡು" ಎಂದರು. ಅಷ್ಟೇ, ಆ ವಿಷಯ ಮತ್ತೆ ನಮ್ಮ ಮನೆಯಲ್ಲಿ ಬರಲಿಲ್ಲ. ನಾನು ವೈಂಡಿಂಗ್ ವಿಭಾಗಕ್ಕೇ ಸೂಪರ್‌ವೈಸರ್ ಆದೆ. ನಮ್ಮ ಕಾರ್ಖಾನೆಯಲ್ಲಿ ಆ ಕುರ್ಚಿಯಲ್ಲಿ ಹೆಂಗಸೊಬ್ಬಳು ಕೂತದ್ದು ಅದೇ ಮೊದಲು. ಅವತ್ತು ಅಕ್ಕ ಎಲ್ಲರೆದುರಿಗೆ ನನ್ನ ಕೆನ್ನೆ ಸವರಿ ದೃಷ್ಟಿ ತೆಗೆದರು. "ಒಪ್ಪಿದೆ ಕಣೆ. ಈ ಕತೆ ನಂಗೆ ಪೂರ್ತಿ ಒಪ್ಪಿದೆ" ಎಂದರು. ಅವರಿಂದ ಆ ಮಾತು ಪಡೆದ ಕಾದಂಬರಿ ಒಂದಾದರೂ ಇರಲಿಲ್ಲ. ನಾನು ಹೆಮ್ಮೆಯಿಂದ ಬೀಗಿದೆ, ಇವತ್ತಿಗೂ ಬೀಗುತ್ತೇನೆ.

ದಶಕ ಮುಗಿಯುವ ಮೊದಲು ಅಕ್ಕ ಹೋದರು. ಭಾನುವಾರ ಸಂಜೆ ಎದೆನೋವು ಎಂದರಂತೆ, ಆಸ್ಪತ್ರೆ ತಲುಪಲಿಲ್ಲ. ಮಣ್ಣು ಮಾಡಿ ಬರುವಾಗ ಬಸ್ಸಿನಲ್ಲಿ ಅತ್ತೆ ನನ್ನ ಪಕ್ಕ ಕೂತಿದ್ದರು. ಜಾಲಹಳ್ಳಿ ಕ್ರಾಸ್ ದಾಟಿದ ಮೇಲೆ ನನ್ನ ಕಡೆ ತಿರುಗಿದರು.

"ಆಕಿ ಅವತ್ತು ಬೇಕಂತಲೇ ನನ್ನ ಬಾಯಿಂದ ಹೇಳಿಸಿದ್ಳು, ಹೌದಲ್ಲೇನು?" ಎಂದರು.

ನಾನು ಹೌದು ಅತ್ತೆ ಎಂದೆ.

"ನನಗ ಅವತ್ತೇ ಗೊತ್ತಾತು. ಹೇಳಿಸದಿದ್ರ ನಾ ಹೇಳ್ತಿದ್ದಿಲ್ಲವ್ವಾ. ನಿನ್ನ ಮನ್ಯಾಗ ಕುಂದ್ರಿಸಿ, ನಾನೂ ನಿನ್ನ ಎದುರಿಗೆ ಕುಂತು, ಇಬ್ರೂ ಮುಖ ತಿರುಗಿಸ್ಕೊಂಡು ಸಾಯ್ತಿದ್ವಿ."

ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಅವರ ಭುಜಕ್ಕೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ.

ಮರುದಿನ ಬೆಳಿಗ್ಗೆ ಏಳಲು ಮನಸ್ಸೇ ಬರಲಿಲ್ಲ. ರಜೆ ಹಾಕುತ್ತೇನೆ ಎಂದು ಮಗ್ಗುಲು ತಿರುಗಿದೆ. ಅತ್ತೆ ಆಗಲೇ ರೊಟ್ಟಿ ಬಡಿದು, ಡಬ್ಬಿ ಕಟ್ಟಿ, ಬಾಗಿಲಲ್ಲಿ ನಿಂತಿದ್ದರು.

"ಏಳು. ಕೆಲಸ ತಪ್ಪಿಸಿ ಅಳ್ತಾ ಕುಂತ್ರ ಆಕಿ ಮೆಚ್ಚಂಗಿಲ್ಲ."

ಎದ್ದೆ. ಮುಖ ತೊಳೆದು, ಡಬ್ಬಿ ಹಿಡಿದು, ಮೊದಲ ಶಿಫ್ಟಿನ ಬಸ್ಸು ಹತ್ತಿದೆ.