ಅತ್ತೆಯ ಮಗನ ಜೊತೆ ವಾಲ್ಟ್ಸ್

ನಮ್ಮ ಮನೆಯವರು ಹೇಳುವ ಕತೆ ಇಷ್ಟು: ಮಗಳಿಗೆ ಜೋಡಿ ನೃತ್ಯದ ಹುಚ್ಚು ಹಿಡಿಯಿತು, ನಾವು ತಡೆಯಲಿಲ್ಲ, ಕೊನೆಗೆ ಅವಳಿಗೇ ಬೇಸರವಾಗಿ ಬಿಟ್ಟಳು. ಹುಚ್ಚು ಹಿಡಿದದ್ದು ನಿಜ. ಉಳಿದದ್ದಕ್ಕೆ ನನ್ನ ತಕರಾರಿದೆ.

ಗಂಡಸಿನ ಕೈ ಬೆನ್ನ ಮೇಲಿರುವ ಕುಣಿತಕ್ಕೆ ತಾರ್ನಾಕದ ನಮ್ಮ ಮನೆ ಹೇಗೆ ಒಪ್ಪಿತು? ಯಾಕೆಂದರೆ ನನ್ನ ಜೋಡಿ ಅಪ್ಪನ ಅಕ್ಕನ ಮಗ. ನಮ್ಮಲ್ಲಿ ಅದು ಮದುವೆಯಾಗಬಹುದಾದ ಸಂಬಂಧ. ನಾನು ಸ್ಪರ್ಧೆಗೆ ತಯಾರಾಗುತ್ತಿದ್ದೇನೆ ಅಂದುಕೊಂಡಿದ್ದೆ. ಅವರು ವಾರವಾರವೂ ಹೆಣ್ಣು ತೋರಿಸುತ್ತಿದ್ದರು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿ ಬಾಯಿ ತೆರೆಯುವ ಮೊದಲೇ ಅವನ ವಾದ ಊಹಿಸುತ್ತಿದ್ದವಳಿಗೆ ಇದು ಹೊಳೆಯಲೇ ಇಲ್ಲ.

ಭಾನುವಾರ ಬೆಳಿಗ್ಗೆ ಮಣಿಕೊಂಡದ ಒಂದು ಹಾಲ್‌ನಲ್ಲಿ ಅಭ್ಯಾಸ. ಅವನು ವಾರವೆಲ್ಲ ಬೇಗಂ ಬಜಾರಿನ ತಮ್ಮ ಪಾತ್ರೆ ಅಂಗಡಿಯಲ್ಲಿ ಕೂತು, ಹಾಲ್‌ಗೆ ಬಂದರೆ ಬೇರೆಯೇ ಮನುಷ್ಯ. ವಾಲ್ಟ್ಸ್‌ನಲ್ಲಿ ಹೆಂಗಸು ಹೆಚ್ಚಾಗಿ ಹಿಂದಕ್ಕೆ ನಡೆಯಬೇಕು, ದಾರಿ ಕಾಣುವುದಿಲ್ಲ. ಪುರಾವೆಯಿಲ್ಲದೆ ಏನನ್ನೂ ನಂಬದ ನಾನು ಅವನ ಅಂಗೈಯ ಒತ್ತನ್ನು ನಂಬುತ್ತಿದ್ದೆ. ತಿರುವಿನಲ್ಲಿ ಇಬ್ಬರ ತೂಕ ಒಂದೇ ಆಗುವ ಗಳಿಗೆಯೊಂದು ಬರುತ್ತದೆ. ಆಗ ನನ್ನ ತಲೆಯೊಳಗಿನ ವಾದವೆಲ್ಲ ನಿಂತುಹೋಗುತ್ತಿತ್ತು. ಅದಕ್ಕಾಗಿ ಹೆಬ್ಬೆರಳ ಉಗುರು ಕಪ್ಪಾಗಿ ಉದುರಿತು, ಗೆಳತಿಯರು ಕರೆಯುವುದನ್ನೇ ಬಿಟ್ಟರು. ಯಾವುದೂ ದುಬಾರಿ ಅನಿಸಿರಲಿಲ್ಲ.

ನಗರದ ಸ್ಪರ್ಧೆಯಲ್ಲಿ ಗೆದ್ದು ಬೆಂಗಳೂರಿನದಕ್ಕೆ ಆಯ್ಕೆಯಾದ ವಾರ ಅತ್ತೆ ತನ್ನ ಮಗನನ್ನು ಕರೆದುಕೊಂಡು ನಮ್ಮಲ್ಲಿಗೆ ಊಟಕ್ಕೆ ಬಂದಳು.

"ಬೆಂಗಳೂರಿಗೆ ಹೋಗೂದಕ್ಕಿಂತ ಮೊದಲ ನಿಶ್ಚಯ ಮಾಡಿಬಿಡೂಣು. ಇಬ್ರೂ ಅಪ್ಪಿಕೊಂಡು ತಿರುಗೂದು ಊರೆಲ್ಲಾ ನೋಡೈತಿ."

"ಅದು ಅಪ್ಪಿಕೊಳ್ಳೂದಲ್ಲ ಅತ್ತಿ. ಹಂಗ ಹಿಡಕೊಂಡ್ರನ ಕುಣಿಯಾಕ ಬರ್ತೈತಿ."

"ಆತು ಬಿಡವಾ ವಕೀಲಮ್ಮಾ, ನೀ ಹೇಳಿದ್ದ ಖರೆ!"

"ಮದುವಿ ಆದಮ್ಯಾಲ ಕುಣಿಯಾಕ ಬಿಡ್ತೀರೇನು?"

ಅತ್ತೆಗೆ ನಗು ತಡೆಯಲಾಗಲಿಲ್ಲ. "ಮದುವಿ ಆದಮ್ಯಾಲ ಎಲ್ಲೀ ಕುಣಿತ? ಸೊಸಿ ಮಂದಿ ಮುಂದ ಕುಣಿದ್ರ ಬಜಾರದಾಗ ನಾವು ಮಾರಿ ತೋರಿಸಬೇಕೋ ಬ್ಯಾಡೋ?"

"ಮದುವಿ ಒಲ್ಲೆ ಅಂದ್ರ?"

ಅಪ್ಪ ರೊಟ್ಟಿ ಮುರಿಯುತ್ತಲೇ ಹೇಳಿದರು: "ಹಂಗಾದ್ರ ಇನ್ನ ಯಾವ ಧೈರ್ಯದ ಮ್ಯಾಲ ನಿನ್ನ ಅವನ ಜೊತಿ ಕಳಸೂದು?"

ಚರ್ಚೆಯಲ್ಲಿ ಯಾವ ಪಕ್ಷ ಸಿಕ್ಕರೂ ಗೆಲ್ಲುವ ದಾರಿಯೊಂದು ಇರುತ್ತದೆ. ಇಲ್ಲಿ ಹೂಂ ಅಂದರೂ ಕುಣಿತ ಮುಗಿಯುತ್ತಿತ್ತು, ಒಲ್ಲೆ ಅಂದರೂ ಮುಗಿಯುತ್ತಿತ್ತು. ನಾನು ಎದುರಿಗೆ ಕೂತಿದ್ದ ಅವನನ್ನು ನೋಡಿದೆ. ಒಂದು ಮಾತು ಸಾಕಿತ್ತು. ಅವನು ಶೇಂಗಾ ಚಟ್ನಿಗೆ ಮೊಸರು ಕಲಸಿಕೊಳ್ಳುತ್ತಿದ್ದ, ತಲೆ ಎತ್ತಲಿಲ್ಲ.

ನಾನು ಒಲ್ಲೆ ಅಂದೆ. ಮರುವಾರದಿಂದ ಅವನು ಮಣಿಕೊಂಡಕ್ಕೆ ಬರಲಿಲ್ಲ. ಜೋಡಿಯಿಲ್ಲದೆ ಸ್ಪರ್ಧೆಗೆ ಹೆಸರು ತೆಗೆದುಕೊಳ್ಳುವುದಿಲ್ಲ. ಅಲ್ಲಿಗೆ ಬರುವ ಗಂಡಸರೆಲ್ಲ ತಮ್ಮ ತಮ್ಮ ಹೆಂಡಿರ ಜೊತೆ ಬರುವವರು. ಒಂಟಿ ಗಂಡಸು ಸಿಕ್ಕಿದರೂ ಮನೆಯಲ್ಲಿ ಯಾರು ಒಪ್ಪುತ್ತಾರೆ? ಕೆಲವು ತಿಂಗಳು ಹೋಗಿ ಗೋಡೆಗೆ ಒರಗಿ ನಿಂತು ನೋಡಿದೆ. ಆಮೇಲೆ ಅದೂ ಇಲ್ಲ. ಎತ್ತರ ಹಿಮ್ಮಡಿಯ ಶೂ ಕಪಾಟಿನ ಮೇಲೆ ಬೂಸಲು ಹಿಡಿದಿದೆ. ಅಡುಗೆಮನೆಯಲ್ಲಿ ಹಿಂದಕ್ಕೆ ಹೆಜ್ಜೆ ಇಡುವಾಗ ಬೆನ್ನು ಈಗಲೂ ಒಂದು ಅಂಗೈಗಾಗಿ ಕಾಯುತ್ತದೆ. ಇದಕ್ಕೆ ಅವರು ಇಟ್ಟ ಹೆಸರು ಬೇಸರ.

ಹೋದ ವಾರ ಅವನು ತನ್ನ ಮದುವೆಗೆ ಕರೆಯಲು ಬಂದಿದ್ದ. ಹುಡುಗಿ ಕಲಬುರಗಿಯ ಕಡೆಯವಳು, ಕುಣಿತದ ಗೊಡವೆಯಿಲ್ಲ ಎಂದು ಅತ್ತೆ ಮೊದಲೇ ಸಾರಿದ್ದಳು. ಗೇಟಿನವರೆಗೆ ಕಳಿಸಲು ಹೋದೆ. ಅವನು ಸ್ಕೂಟರ್ ತಿರುಗಿಸಿಕೊಳ್ಳುತ್ತಿದ್ದಾಗ ಕೇಳಿಯೇಬಿಟ್ಟೆ:

"ಮಾಮಾ, ಆ ಭಾನುವಾರೆಲ್ಲಾ ನೀ ನನ್ನ ಜೊತಿ ಕುಣಿಯಾಕತ್ತಿದ್ದೇನು, ಇಲ್ಲಾ ನೀನೂ ಅವರಂಗ ಮದುವಿಗೇ ಕಾಯಾಕತ್ತಿದ್ದೇನು?"